ಲೋಳೆಸರಕ್ಕೆ ಗಿಡವೇ ಉಗ್ರಾಣ



ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಮ್ಮ ಹಿರಿಯರು ಬೇಸರದಿಂದಲೇ ಆಡಿರಬೇಕು. ಕೈಗೆಟಕುವ ವಸ್ತುವಿಗೆ ಮನೆಯಲ್ಲಿ ಬೆಲೆಯಿಲ್ಲ. ಅದೇ ವಸ್ತು ಬಣ್ಣದ ಚೀಟಿ ಅಂಟಿಸಿಕೊಂಡು ಪೇಟೆಯಿಂದ ಬಂದರೆ ದುಡ್ಡು ಕೊಟ್ಟು ತರುತ್ತೇವೆ. ಲೋಳೆಸರದ ಮಟ್ಟಿಗೆ ಈ ಮಾತು ಈಗ ಪೂರ್ತಿ ನಿಜವಾಗಿದೆ. ಅಂಕೋಲೆಯ ಮರಳು ನೆಲದ ಹಿತ್ತಲುಗಳಲ್ಲಿ, ಕಾರವಾರ ತಾಲೂಕಿನ ಪಾಗಾರದ ಮೂಲೆಗಳಲ್ಲಿ ಯಾರ ಆರೈಕೆಯೂ ಇಲ್ಲದೆ ಬೆಳೆದು ನಿಂತ ಗಿಡದ ರಸವನ್ನು ನಮ್ಮವರೇ ಬಾಟಲಿಯಲ್ಲಿ ಕೊಂಡು ಕುಡಿಯುತ್ತಿದ್ದಾರೆ.

ಈ ವಿಷಯ ಸಂಘದ ಕಚೇರಿಗೂ ಬಂದಿರುವುದರಿಂದ ನಾಲ್ಕು ಮಾತು ಬರೆಯಬೇಕಾಯಿತು. ನಮ್ಮಲ್ಲಿಗೆ ಎರಡು ಬಗೆಯ ಪ್ರತಿನಿಧಿಗಳು ಬಂದುಹೋಗುತ್ತಾರೆ. ಒಬ್ಬರು ಲೋಳೆಸರದ ರಸದ ಬಾಟಲಿಗಳನ್ನು ಸಂಘದ ಕಿರಾಣಿ ವಿಭಾಗದಲ್ಲಿ ಇಡಿ, ಕಮಿಷನ್ ಕೊಡುತ್ತೇವೆ ಎನ್ನುವವರು. ಇನ್ನೊಬ್ಬರು ಸಸಿ ನಾವೇ ಮಾರುತ್ತೇವೆ, ಎಲೆ ನಾವೇ ಕೊಳ್ಳುತ್ತೇವೆ, ಸದಸ್ಯರಿಂದ ಎಕರೆಗಟ್ಟಲೆ ಹಾಕಿಸಿ ಎನ್ನುವವರು. ಕೆಲವು ಸದಸ್ಯರೂ ಈ ಬಗ್ಗೆ ಕೇಳಿದ್ದಾರೆ. ತೀರ್ಮಾನ ಆಡಳಿತ ಮಂಡಳಿಗೆ ಬಿಟ್ಟದ್ದು. ಇಲ್ಲಿ ಬರೆಯುತ್ತಿರುವುದು ನನ್ನ ಸ್ವಂತ ಅಭಿಪ್ರಾಯ. ಎರಡೂ ಬೇಡ, ಬದಲಿಗೆ ಮನೆಗೆ ಎರಡು ಗಿಡ ಸಾಕು ಎಂಬುದೇ ಆ ಅಭಿಪ್ರಾಯ. ಕಾರಣಗಳನ್ನು ಕೆಳಗೆ ಹೇಳಿದ್ದೇನೆ.

ಮೊದಲು ಎಲೆಯ ರಚನೆ ತಿಳಿದಿರಬೇಕು, ಏಕೆಂದರೆ ಉಳಿದ ವಿಚಾರವೆಲ್ಲ ಇದರ ಮೇಲೆ ನಿಂತಿದೆ. ಲೋಳೆಸರದ ಎಲೆಯಲ್ಲಿ ಮೂರು ಪದರಗಳಿವೆ. ಹೊರಗೆ ಹಸಿರು ಸಿಪ್ಪೆ. ಒಳಗೆ ನಾವು ಬಯಸುವ ತಿಳಿಯಾದ ಲೋಳೆ. ಇವೆರಡರ ನಡುವೆ, ಸಿಪ್ಪೆಗೆ ಅಂಟಿಕೊಂಡಂತೆ, ಹಳದಿ ಬಣ್ಣದ ಕಹಿ ಹಾಲು. ಎಲೆ ಕೊಯ್ದ ಕೂಡಲೇ ತುದಿಯಿಂದ ಒಸರುವುದು ಈ ಹಾಲು. ಇದರಲ್ಲಿ ಅಲೋಯಿನ್ ಮೊದಲಾದ ಪದಾರ್ಥಗಳಿದ್ದು, ಹೊಟ್ಟೆಗೆ ಹೋದರೆ ಬಲವಾಗಿ ಭೇದಿ ಮಾಡಿಸುತ್ತವೆ. ಪಂಡಿತರ ಅಂಗಡಿಯಲ್ಲಿ ಕರಿಬೋಳ ಎಂದು ಸಿಗುವ ಕಪ್ಪು ಗಟ್ಟಿ ಈ ಹಾಲನ್ನೇ ಒಣಗಿಸಿ ಮಾಡಿದ್ದು. ಒಂದೇ ಎಲೆಯೊಳಗೆ ತಂಪೂ ಇದೆ, ತೀಕ್ಷ್ಣ ಮದ್ದೂ ಇದೆ. ಎರಡನ್ನೂ ಬೇರೆಮಾಡಲು ತಿಳಿಯದವನು ಲೋಳೆಸರವನ್ನು ಮುಟ್ಟಬಾರದು.

ಹಿಂದಿನ ವ್ಯಾಪಾರವೆಲ್ಲ ಈ ಹಳದಿ ಹಾಲಿನದ್ದೇ ಆಗಿತ್ತು. ನಮ್ಮ ನೆರೆಯ ಗೋವೆಯಲ್ಲಿ 1563ರಲ್ಲಿ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ ಅಚ್ಚು ಹಾಕಿಸಿದ ಔಷಧ ದ್ರವ್ಯಗಳ ಪುಸ್ತಕದಲ್ಲಿ ಎರಡನೆಯ ಸಂಭಾಷಣೆಯೇ ಲೋಳೆಸರದ ಕುರಿತಾಗಿದೆ. ಈ ಕರಾವಳಿಯ ಜನ ಅದನ್ನು ಕಾಟೆಕುಂವರ್ ಎಂಬಂಥ ಹೆಸರಿನಿಂದ ಕರೆಯುತ್ತಾರೆಂದು ಆತ ಬರೆದಿದ್ದಾನೆ. ನಮ್ಮ ಕೊಂಕಣಿ ಮನೆಗಳಲ್ಲಿ ಆ ಹೆಸರು ಇನ್ನೂ ಕೇಳಿಬರುತ್ತದೆ. ಆ ಕಾಲದಲ್ಲಿ ಸೊಕೊತ್ರಾ ದ್ವೀಪದಿಂದ ಹಡಗಿನಲ್ಲಿ ಬರುತ್ತಿದ್ದುದು ಒಣಗಿಸಿದ ಹಾಲಿನ ಗಟ್ಟಿಯೇ. ಹಸಿ ಎಲೆಯನ್ನು ದೂರ ಸಾಗಿಸುವ ವ್ಯಾಪಾರಕ್ಕೆ ಯಾರೂ ಇಳಿಯಲಿಲ್ಲ. ದಾರಿಯಲ್ಲೇ ಅದು ಕೆಡುತ್ತದೆ ಎಂಬುದು ಎಲ್ಲರಿಗೂ ತಿಳಿದಿತ್ತು.

ನಮಗೆ ದಾಸ್ತಾನಿನ ವಿಚಾರ ಹೇಳಿಕೊಡಬೇಕಾಗಿಲ್ಲ. ಚಾಲಿ ಅಡಿಕೆಯನ್ನು ಚೆನ್ನಾಗಿ ಒಣಗಿಸಿ, ಗೋಣಿಚೀಲದಲ್ಲಿ ತುಂಬಿ, ಮಳೆಗಾಲ ದಾಟಿಸಿ, ದರ ನೋಡಿ ಬಿಡುವ ಜನ ನಾವು. ಕಾಫಿಯನ್ನೂ ಚೆರಿ ಮಾಡಿ ಒಣಗಿಸಿಟ್ಟರೆ ಕಾಯುತ್ತದೆ. ಲೋಳೆಸರಕ್ಕೆ ಈ ಲೆಕ್ಕ ನಡೆಯದು. ಅದರ ತಿರುಳಿನಲ್ಲಿ ನೂರಕ್ಕೆ 98ರಿಂದ 99 ಭಾಗ ನೀರೇ. ಉಳಿದ ಒಂದೆರಡು ಭಾಗದಲ್ಲಿರುವ ಅಂಟಿನಂಥ ಶರ್ಕರಗಳಿಂದಲೇ ಅದಕ್ಕೆ ಲೋಳೆಯ ಗುಣ ಬಂದದ್ದು. ಎಲೆ ಗಿಡದಿಂದ ಬೇರೆಯಾದ ಗಳಿಗೆಯಿಂದ ಈ ಅಂಶ ಒಡೆಯತೊಡಗುತ್ತದೆ. ಗಿಡದ ಮೇಲಿರುವ ಎಲೆ ಮಾತ್ರ ತಿಂಗಳುಗಟ್ಟಲೆ ಕೆಡದೆ ನಿಲ್ಲುತ್ತದೆ. ಆದ್ದರಿಂದ ಲೋಳೆಸರಕ್ಕೆ ಗಿಡವೇ ಉಗ್ರಾಣ. ಬೇಕಾದ ದಿನ ಬೇಕಾದಷ್ಟೇ ಕೊಯ್ಯುವುದು ಎಲ್ಲಕ್ಕಿಂತ ಒಳ್ಳೆಯ ಸಂಗ್ರಹ ಕ್ರಮ. ಇದಕ್ಕೆ ಖರ್ಚಿಲ್ಲ, ಕರೆಂಟು ಬೇಡ.

ಕೊಯ್ಯುವ ಕ್ರಮ ಹೀಗಿರಲಿ. ಬುಡದ ಹೊರಸುತ್ತಿನ, ದಪ್ಪಗೆ ಬಲಿತ ಎಲೆಯನ್ನು ಆರಿಸಿ ಕಾಂಡದ ಬುಡಕ್ಕೆ ಸ್ವಚ್ಛವಾದ ಚೂರಿಯಿಂದ ಕೊಯ್ಯಬೇಕು. ಅಡಿಕೆ ಸುಲಿದು ಚೊಗರು ಹಿಡಿದ ಕತ್ತಿ ಬೇಡ. ನಡುವಿನ ಎಳೆಯ ಎಲೆಗಳನ್ನು ಬಿಡಬೇಕು. ಒಂದು ಗಿಡದಿಂದ ಒಮ್ಮೆಗೆ ಎರಡು ಮೂರು ಎಲೆಗಿಂತ ಹೆಚ್ಚು ತೆಗೆಯಬಾರದು. ಕೊಯ್ದ ಎಲೆಯನ್ನು ಕಡಿದ ಬದಿ ಕೆಳಗಾಗುವಂತೆ ಒಂದು ಲೋಟದಲ್ಲಿ ಓರೆಯಾಗಿ ನಿಲ್ಲಿಸಿ, ಕಾಲು ಗಂಟೆಯಿಂದ ಅರ್ಧ ಗಂಟೆ ಬಿಟ್ಟರೆ ಹಳದಿ ಹಾಲು ಇಳಿದುಹೋಗುತ್ತದೆ. ಆಮೇಲೆ ಎಲೆಯನ್ನು ತೊಳೆದು, ಎರಡೂ ಬದಿಯ ಮುಳ್ಳಿನ ಅಂಚು ತೆಗೆದು, ಸಿಪ್ಪೆ ಸುಲಿದು, ತಿರುಳನ್ನು ಮತ್ತೊಮ್ಮೆ ತಣ್ಣೀರಿನಲ್ಲಿ ತೊಳೆಯಬೇಕು. ಎಲ್ಲಾದರೂ ಹಳದಿ ಛಾಯೆ ಉಳಿದಿದ್ದರೆ ಆ ಭಾಗವನ್ನು ಕೊರೆದು ಬಿಸಾಡಬೇಕು. ಈ ಹಾಲು ಕೆಲವರ ಚರ್ಮಕ್ಕೂ ತುರಿಕೆ ತರುತ್ತದೆ.

ಹೆಚ್ಚಿಗೆ ಕೊಯ್ದಾಗಿದ್ದರೆ ಅಥವಾ ಯಾರೋ ಒಂದು ಹೊರೆ ಎಲೆ ತಂದುಕೊಟ್ಟಿದ್ದರೆ ಏನು ಮಾಡಬೇಕು? ಸಿಪ್ಪೆ ಸುಲಿಯದ ಇಡೀ ಎಲೆ ನೆರಳಿನಲ್ಲಿ, ಗಾಳಿಯಾಡುವಲ್ಲಿ ಎರಡು ಮೂರು ದಿನ ತಾಳುತ್ತದೆ. ಒಣ ಬಟ್ಟೆಯಲ್ಲೋ ಕಾಗದದಲ್ಲೋ ಸುತ್ತಿ ಫ್ರಿಜ್ಜಿನಲ್ಲಿಟ್ಟರೆ ಸುಮಾರು ಒಂದು ವಾರ. ಅರ್ಧ ಬಳಸಿದ ಎಲೆಯಾದರೆ ಕಡಿದ ತುದಿಯನ್ನು ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಮೂರು ನಾಲ್ಕು ದಿನದೊಳಗೆ ಮುಗಿಸಬೇಕು. ಮತ್ತೆ ಬಳಸುವಾಗ ತುದಿಯ ಒಂದು ಬೆರಳಗಲ ಕತ್ತರಿಸಿ ಎಸೆಯಬೇಕು. ಸುಲಿದ ತಿರುಳನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿದ ಗಾಜಿನ ಭರಣಿಯಲ್ಲಿ ಮುಚ್ಚಳ ಹಾಕಿ ಇಟ್ಟರೆ ಅದಕ್ಕೂ ಮೂರು ನಾಲ್ಕು ದಿನವೇ ಆಯುಷ್ಯ. ತಾಮ್ರ, ಕಬ್ಬಿಣದ ಪಾತ್ರೆ ಬೇಡ. ತಿರುಳು ಕೆಂಪಾದರೆ, ನೀರು ಬಿಟ್ಟು ತೆಳ್ಳಗಾದರೆ, ಹುಳಿ ವಾಸನೆ ಬಂದರೆ ತೆಂಗಿನ ಬುಡಕ್ಕೆ ಹಾಕಿಬಿಡಿ. ನಿಂಬೆರಸ ಹಿಂಡಿದರೆ ಬಣ್ಣ ಬದಲಾಗುವುದು ತಡವಾಗುತ್ತದೆ ಅಷ್ಟೆ, ಕೆಟ್ಟದ್ದು ಒಳ್ಳೆಯದಾಗುವುದಿಲ್ಲ.

ತಿರುಳನ್ನು ಐಸ್ ತಟ್ಟೆಯಲ್ಲಿ ಹಾಕಿ ಗಟ್ಟಿಮಾಡಿ ಎರಡು ಮೂರು ತಿಂಗಳು ಇಡುವ ಪದ್ಧತಿಯೂ ಬಂದಿದೆ. ಕರಗಿದ ಮೇಲೆ ಲೋಳೆತನ ಹೋಗಿ ನೀರಾಗುತ್ತದೆ. ಹಾಗಿದ್ದರೂ ಬಿಸಿಲಿಗೆ ಉರಿಯುವ ಚರ್ಮಕ್ಕೆ ಹಚ್ಚಲು ನಡೆಯುತ್ತದೆ. ಆದರೆ ನಮ್ಮ ಮಳೆಗಾಲದ ಕರೆಂಟನ್ನು ನಂಬಿ ಈ ಕೆಲಸ ಮಾಡುವುದು ಹೇಗೆ? ಗಾಳಿಗೆ ಒಂದು ಮರ ತಂತಿಯ ಮೇಲೆ ಬಿದ್ದರೆ ಒಳನಾಡಿನ ಊರುಗಳಲ್ಲಿ ಮೂರು ನಾಲ್ಕು ದಿನ ಕತ್ತಲೆ. ಒಮ್ಮೆ ಕರಗಿದ್ದನ್ನು ಮತ್ತೆ ಗಟ್ಟಿಮಾಡಿ ಬಳಸುವುದು ಸರಿಯಲ್ಲ.

ಇನ್ನು ಬಳಕೆಯ ವಿಚಾರ. ಲೋಳೆಸರದ ಹೆಸರು ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ಸುಟ್ಟ ಗಾಯಕ್ಕೆ. ಸುಟ್ಟುಕೊಳ್ಳುವ ಅವಕಾಶವೂ ನಮ್ಮಲ್ಲಿ ಕಡಿಮೆಯಿಲ್ಲ. ಬಚ್ಚಲ ಹಂಡೆಯ ಕುದಿನೀರು, ಕೆಂಪಡಿಕೆ ಮಾಡುವವರ ಒಲೆ, ಆಲೆಮನೆಯ ಕೊಪ್ಪರಿಗೆ, ಎಲ್ಲವೂ ಕೈಯಳತೆಯಲ್ಲೇ ಇವೆ. ಇಂಥ ಹೊತ್ತಿನಲ್ಲಿ ಕೆಲವರು ಕಾಫಿ ಪುಡಿ ಮೆತ್ತುತ್ತಾರೆ, ಕೆಲವರು ಹಲ್ಲಿನ ಪೇಸ್ಟು, ಕೆಲವರು ಬೆಣ್ಣೆ. ಇವೆಲ್ಲ ಕೆಟ್ಟ ಪದ್ಧತಿಗಳು. ಮೊದಲ ಮದ್ದು ತಣ್ಣೀರು. ಸುಟ್ಟ ಜಾಗವನ್ನು ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಬೇಕು. ಐಸ್ ಇಡಬಾರದು. ಬಳೆ, ಉಂಗುರ ಬಾವು ಬರುವ ಮೊದಲೇ ತೆಗೆಯಬೇಕು. ಚರ್ಮ ಕಿತ್ತುಬಂದಿಲ್ಲ, ಬೊಬ್ಬೆ ಒಡೆದಿಲ್ಲ, ಗಾಯ ಅಂಗೈಗಿಂತ ಚಿಕ್ಕದು ಎಂದಾದರೆ ಮಾತ್ರ ತಂಪಾದ ನಂತರ ಹೊಸದಾಗಿ ತೆಗೆದ ತಿರುಳನ್ನು ತೆಳ್ಳಗೆ ಹಚ್ಚಬಹುದು. ಇಂಥ ಸಣ್ಣ ಸುಟ್ಟ ಗಾಯ ಬೇಗ ಮಾಯಲು ಅದು ನೆರವಾಗುತ್ತದೆ ಎಂದು ಕೆಲವು ಸಣ್ಣ ಪರೀಕ್ಷೆಗಳಲ್ಲಿ ಕಂಡುಬಂದಿದೆ.

ಆದರೆ ತೆರೆದ, ಆಳವಾದ ಗಾಯಕ್ಕೆ ಇದೇ ಲೋಳೆ ಅಡ್ಡಿಯಾಗಬಹುದು. ಅಮೆರಿಕದಲ್ಲಿ 1991ರಲ್ಲಿ ಪ್ರಕಟವಾದ ಒಂದು ವೈದ್ಯಕೀಯ ವರದಿ ಇದೆ. ಹೆರಿಗೆ ಮೊದಲಾದ ಶಸ್ತ್ರಚಿಕಿತ್ಸೆಯ ನಂತರ ಬಿಚ್ಚಿಕೊಂಡ ಗಾಯಗಳು ಸಾಮಾನ್ಯ ಆರೈಕೆಯಲ್ಲಿ ಸರಾಸರಿ 53 ದಿನಕ್ಕೆ ಮಾಗಿದರೆ, ಲೋಳೆಸರದ ಲೇಪ ಹಚ್ಚಿದವರಲ್ಲಿ 83 ದಿನ ಹಿಡಿಯಿತು. ಆದ್ದರಿಂದ ಮುಖ, ಕೀಲು, ಅಂಗೈ ಸುಟ್ಟಿದ್ದರೆ, ಚರ್ಮ ಬೆಳ್ಳಗೋ ಕಪ್ಪಗೋ ಆಗಿದ್ದರೆ, ಸುಟ್ಟದ್ದು ಚಿಕ್ಕ ಮಗುವಾಗಿದ್ದರೆ ಏನನ್ನೂ ಹಚ್ಚದೆ, ನೀರು ಹಾಕಿ, ಸ್ವಚ್ಛ ಬಟ್ಟೆ ಮುಚ್ಚಿ 108ಕ್ಕೆ ಫೋನು ಮಾಡಬೇಕು. ಕರೆಂಟು ತಗುಲಿದ ಗಾಯ ಹೊರಗೆ ಗುಂಡಿಯಷ್ಟು ಕಂಡರೂ ಒಳಗೆ ಆಳವಾಗಿರುತ್ತದೆ. ಅಡಿಕೆ ಕೊಯ್ಯುವ ದೋಟಿ ಅಲ್ಯೂಮಿನಿಯಂ ಇರಲಿ, ಈಗಿನ ಕಾರ್ಬನ್ ಫೈಬರ್ ಇರಲಿ, ಎರಡರಲ್ಲೂ ವಿದ್ಯುತ್ ಹರಿಯುತ್ತದೆ. ಆ ಗಾಯಕ್ಕೆ ಎಲೆಯ ಮದ್ದು ಇಲ್ಲವೇ ಇಲ್ಲ.

ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಕೊನೆಗೌಡರ ಮೈಕೈ ಉರಿಗೂ ಲೋಳೆಸರ ಹಚ್ಚುವುದುಂಟು. ಮೊದಲು ಸಾಕಷ್ಟು ನೀರಿನಲ್ಲಿ ಸುಣ್ಣ, ಮೈಲುತುತ್ತದ ಅಂಶ ಪೂರ್ತಿ ಹೋಗುವಂತೆ ತೊಳೆಯಬೇಕು. ಉರಿ ಉಳಿದರೆ ಆಮೇಲೆ ತಿರುಳು. ಕಣ್ಣಿಗೆ ದ್ರಾವಣ ಸಿಡಿದರೆ ನೀರು ಹಾಕುತ್ತಲೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಕಣ್ಣಿಗೆ ಲೋಳೆಸರ ಬಿಡುವುದು ಸಲ್ಲದು. ಅಡಿಕೆ ಸುಲಿದು ಒರಟಾದ ಕೈಗೆ, ಬಿಸಿಲಲ್ಲಿ ದುಡಿದ ಮುಖಕ್ಕೆ, ಸ್ನಾನಕ್ಕೆ ಮೊದಲು ತಲೆಗೂದಲಿಗೆ ಹಚ್ಚಿದರೆ ಹಿತವೆನಿಸುತ್ತದೆ. ಮೊದಲ ಸಲ ಹಚ್ಚುವವರು ಮೊಣಕೈ ಒಳಬದಿಗೆ ಚೂರು ಹಚ್ಚಿ ಒಂದು ದಿನ ನೋಡುವುದು ಜಾಣತನ.

ಕುಡಿಯುವ ವಿಚಾರಕ್ಕೆ ಬರುತ್ತೇನೆ, ನನ್ನ ಆತಂಕ ಇರುವುದು ಇಲ್ಲಿಯೇ. ದಿನವೂ ಬೆಳಿಗ್ಗೆ ಖಾಲಿ ಹೊಟ್ಟೆಗೆ ಲೋಳೆಸರದ ರಸ, ಸಕ್ಕರೆ ಕಾಯಿಲೆ ಮಾಯ, ಗ್ಯಾಸು ಮಾಯ ಎಂಬ ಮಾತು ಮೊಬೈಲಿನಲ್ಲಿ ಹರಿದಾಡುತ್ತದೆ. ಇಡೀ ಎಲೆಯನ್ನೇ ಸಿಪ್ಪೆ ಸಹಿತ ಮಿಕ್ಸಿಗೆ ಹಾಕಿ ಕುಡಿಯುವವರೂ ಇದ್ದಾರೆ. ಅವರು ಕುಡಿಯುತ್ತಿರುವುದು ತೀಕ್ಷ್ಣ ಭೇದಿ ಮದ್ದನ್ನು. ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2002ರಲ್ಲಿ ಲೋಳೆಸರದ ಹಾಲುಳ್ಳ ಭೇದಿ ಗುಳಿಗೆಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವುದನ್ನು ನಿಲ್ಲಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ, ಇಡೀ ಎಲೆಯ ಸಾರವನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಗುಂಪಿಗೆ ಸೇರಿಸಿತು. ಎರಡು ವರ್ಷ ಅಂಥ ಸಾರ ಕುಡಿಸಿದ ಇಲಿಗಳ ದೊಡ್ಡ ಕರುಳಿನಲ್ಲಿ ಗಡ್ಡೆಗಳು ಕಂಡದ್ದೇ ಇದಕ್ಕೆ ಆಧಾರ. ಇಲಿಯಲ್ಲಿ ಆದದ್ದು ಮನುಷ್ಯನಲ್ಲೂ ಆಗಿಯೇ ತೀರುತ್ತದೆ ಎಂದು ಇದರ ಅರ್ಥವಲ್ಲ. ಆದರೆ ಸಿಪ್ಪೆ, ಹಾಲು ಸಹಿತ ನಿತ್ಯ ಕುಡಿಯುವವರು ಇದನ್ನು ತಿಳಿದಿರಬೇಕು.

ಬಸುರಿಯರು, ಹಾಲೂಡಿಸುವ ತಾಯಂದಿರು, ಮಕ್ಕಳು ಲೋಳೆಸರವನ್ನು ಹೊಟ್ಟೆಗೆ ತೆಗೆದುಕೊಳ್ಳಬಾರದು. ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಯ ಗುಳಿಗೆ ನುಂಗುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಭೇದಿಯಿಂದ ಮೈಯ ಪೊಟ್ಯಾಸಿಯಂ ಇಳಿದರೆ ಹೃದಯದ ಬಡಿತವೇ ಏರುಪೇರಾಗುತ್ತದೆ. ನಾನು ಆಯುರ್ವೇದದ ವಿರೋಧಿಯಲ್ಲ. ಕುಮಾರಿ ಎಂಬ ಹೆಸರಿನಿಂದ ಲೋಳೆಸರಕ್ಕೆ ಅಲ್ಲಿ ಗೌರವದ ಸ್ಥಾನವಿದೆ, ಕುಮಾರ್ಯಾಸವ ಇಂದಿಗೂ ತಯಾರಾಗುತ್ತದೆ. ಆದರೆ ಅಲ್ಲಿ ವೈದ್ಯನಿದ್ದಾನೆ, ಅಳತೆಯಿದೆ, ಪಥ್ಯವಿದೆ. ಪಾರ್ಶ್ವವಾಯುವಿನ ಮದ್ದಿಗೆಂದು ದೂರದ ಜನ ಅರಸಿಕೊಂಡು ಬರುವ ಬೇಳಂಬರ ನಮ್ಮ ಅಂಕೋಲೆ ತಾಲೂಕಿನಲ್ಲೇ ಇದೆ. ನಾಟಿ ವೈದ್ಯರೂ ರೋಗಿಯನ್ನು ನೋಡಿ ಮದ್ದು ಕೊಡುವವರು. ಅಂಗಡಿಯ ಬಾಟಲಿಗೆ ರೋಗಿಯೂ ಕಾಣುವುದಿಲ್ಲ, ರೋಗವೂ ಕಾಣುವುದಿಲ್ಲ. ಸಂಘದ ಕಪಾಟಿನಲ್ಲಿ ಅದನ್ನು ಇಟ್ಟರೆ, ಸಂಘವೇ ಕೊಟ್ಟದ್ದಲ್ಲವೇ, ಒಳ್ಳೆಯದೇ ಇರಬೇಕು ಎಂದು ಸದಸ್ಯರು ನಂಬುತ್ತಾರೆ. ಕಮಿಷನ್ನಿಗಾಗಿ ಆ ನಂಬಿಕೆಯನ್ನು ಖರ್ಚು ಮಾಡಬಾರದು ಎಂಬುದು ನನ್ನ ನಿಲುವು.

ಒಂದು ಎಚ್ಚರಿಕೆ. ಬೇಲಿಯಲ್ಲಿ ಬೆಳೆಯುವ ನಾರಿನ ಕತ್ತಾಳೆಯನ್ನೇ ಲೋಳೆಸರವೆಂದು ತಿಳಿಯುವವರಿದ್ದಾರೆ. ಕತ್ತಾಳೆಯ ಎಲೆಯ ತುದಿಯಲ್ಲಿ ಸೂಜಿಯಂಥ ಗಟ್ಟಿ ಮುಳ್ಳಿರುತ್ತದೆ, ಮುರಿದರೆ ಬಲವಾದ ನಾರು ಬರುತ್ತದೆ. ಅದರ ರಸ ಮೈಗೆ ತಗುಲಿದರೆ ಬೊಬ್ಬೆ ಏಳಬಹುದು. ಲೋಳೆಸರದ ಎಲೆ ಮೆತ್ತಗೆ ಮುರಿಯುತ್ತದೆ, ನಾರು ಇರುವುದಿಲ್ಲ.

ಬೆಳೆಯಾಗಿ ಹಾಕುವ ಮಾತು ಬೇರೆ. ಲೋಳೆಸರ ಒಣನಾಡಿನ ಸಸ್ಯ. ರಾಜಸ್ಥಾನ, ಗುಜರಾತಿನ ಒಣ ನೆಲದಲ್ಲಿ ಅದು ಹೊಲದ ಬೆಳೆ. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ನೀರು ನಿಂತಲ್ಲಿ ಬುಡ ಕೊಳೆಯುತ್ತದೆ. ಅಡಿಕೆ ತೋಟದ ನೆರಳೂ ಅದಕ್ಕೆ ಆಗದು. ಇನ್ನು ಕೊಯ್ದ ಎಲೆ ಒಂದೆರಡು ದಿನದೊಳಗೆ ಕಾರ್ಖಾನೆ ಮುಟ್ಟದಿದ್ದರೆ ಬೆಲೆಯಿಲ್ಲ. ಅಂಥ ಕಾರ್ಖಾನೆ ನಮ್ಮ ಘಟ್ಟದ ಬುಡದಲ್ಲಿ ಎಲ್ಲಿದೆ? ಎಲೆ ಕೊಳ್ಳುವ ಕರಾರು ಕಾಗದದಲ್ಲಿರುತ್ತದೆ, ಸಸಿಯ ದುಡ್ಡು ಮಾತ್ರ ಮುಂಗಡವಾಗಿ ಹೋಗಿರುತ್ತದೆ.

ವೆನಿಲ್ಲಾದ ಪಾಠ ನಮಗೆ ಮರೆತಿರಲಾರದು. ಮಡಗಾಸ್ಕರದಲ್ಲಿ 2000ರ ಚಂಡಮಾರುತದಿಂದ ಬೆಳೆ ಹಾಳಾಯಿತು. 2003ರ ಹೊತ್ತಿಗೆ ಇಲ್ಲಿ ಹಸಿ ಕೋಡಿಗೆ ಕಿಲೋಗೆ 3,000 ರೂಪಾಯಿಗೂ ಮೀರಿ ದರ ಬಂತು. ಬಳ್ಳಿ ಮಾರಿದವರು ಲಾಭ ಮಾಡಿಕೊಂಡರು. ನೆಟ್ಟವರ ಬಳ್ಳಿ ಕೋಡು ಬಿಡುವಷ್ಟರಲ್ಲಿ, ಎರಡೇ ವರ್ಷದೊಳಗೆ, ದರ ನೆಲ ಕಚ್ಚಿತ್ತು. ಒಣಗಿಸಿ ಹದಮಾಡಿ ಇಟ್ಟರೆ ವೆನಿಲ್ಲಾ ಸ್ವಲ್ಪ ಕಾಲ ಕಾಯುತ್ತಿತ್ತು. ಲೋಳೆಸರಕ್ಕೆ ಆ ಸೌಲಭ್ಯವೂ ಇಲ್ಲ.

ಹಾಗಾದರೆ ಲೋಳೆಸರವನ್ನು ಕೈಬಿಡಬೇಕೇ? ಖಂಡಿತ ಬೇಡ. ನಮ್ಮ ಒಳನಾಡಿಗೆ ಅದರ ಅಗತ್ಯ ಬೇರೆಯವರಿಗಿಂತ ಹೆಚ್ಚು. 2021ರ ಜುಲೈ ನೆರೆಯಲ್ಲಿ ಗುಳ್ಳಾಪುರದ ಸೇತುವೆ ಕೊಚ್ಚಿಹೋಗಿ ಡೋಂಗ್ರಿ, ಹೆಗ್ಗಾರ, ಕಲ್ಲೇಶ್ವರದ ಕಡೆಯವರು ಪಟ್ಟ ಪಾಡು ನಮಗೆ ಗೊತ್ತಿದೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಯಿತು, ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋಯಿತು. ಇಂಥ ದಿನಗಳಲ್ಲಿ ಔಷಧ ಅಂಗಡಿಗೂ ಹೋಗಲಾಗದು, ಫ್ರಿಜ್ಜೂ ನಡೆಯದು. ಅಂಗಳದ ಗಿಡ ಮಾತ್ರ ಅಲ್ಲೇ ಇರುತ್ತದೆ. ಸಣ್ಣ ಸುಡುಗಾಯಕ್ಕೆ ಅದು ಸಾಕು. ದೊಡ್ಡ ಗಾಯಕ್ಕೆ ಆಸ್ಪತ್ರೆ ಹತ್ತಿರವಿರಬೇಕು, ಆ ಬೇಡಿಕೆಯನ್ನು ನಾವು ಬಿಡಬಾರದು. ಎಲೆ ಆಸ್ಪತ್ರೆಗೆ ಬದಲಿಯಲ್ಲ.

ಗಿಡ ನೆಡುವುದು ಸುಲಭ. ಬುಡದಲ್ಲಿ ಏಳುವ ಮರಿಯನ್ನು ಬೇರು ಸಹಿತ ಕಿತ್ತು, ಎರಡು ದಿನ ನೆರಳಿನಲ್ಲಿ ಗಾಯ ಆರಲು ಬಿಟ್ಟು, ಅರ್ಧ ಮರಳು ಬೆರೆಸಿದ ಮಣ್ಣಿನಲ್ಲಿ ನೆಡಬೇಕು. ತಳಕ್ಕೆ ತೂತಿರುವ ಕುಂಡವಾದರೆ ಉತ್ತಮ. ಬೇಸಿಗೆಯಲ್ಲಿ ಬಿಸಿಲಿಗೆ, ಜೂನ್ ಬಂದಕೂಡಲೇ ಜಗಲಿಯ ಮೇಲೆ, ಸೂರಿನ ನೀರು ಬೀಳದಲ್ಲಿ ಇಡಬೇಕು. ಮಣ್ಣು ಪೂರ್ತಿ ಒಣಗಿದ ಮೇಲೆಯೇ ನೀರು. ಈ ಗಿಡ ಸಾಯುವುದು ಹೆಚ್ಚಾಗಿ ಅತಿ ಪ್ರೀತಿಯಿಂದ.

ಕೊನೆಯದಾಗಿ ಎರಡು ಸಲಹೆ. ಗಿಡ ಇರುವ ಸದಸ್ಯರು ಮುಂದಿನ ವಾರ್ಷಿಕ ಮಹಾಸಭೆಗೆ ಬರುವಾಗ ನಾಲ್ಕಾರು ಮರಿಗಳನ್ನು ತಂದು ಇಲ್ಲದವರಿಗೆ ಕೊಡಲಿ. ಸಂಘಕ್ಕೂ ಸದಸ್ಯರಿಗೂ ಬಿಡಿಕಾಸು ಖರ್ಚಿಲ್ಲ. ಎರಡನೆಯದು, ಅಡಿಕೆ ಬೇಯಿಸುವ ಜಾಗದಲ್ಲಿ, ಬಚ್ಚಲ ಬಾಗಿಲಲ್ಲಿ ಮೂರು ಮಾತು ಬರೆದು ಅಂಟಿಸಿ: ಮೊದಲು ಇಪ್ಪತ್ತು ನಿಮಿಷ ತಣ್ಣೀರು, ಸಣ್ಣದಕ್ಕೆ ಮಾತ್ರ ಲೋಳೆಸರ, ದೊಡ್ಡದಕ್ಕೆ 108. ಕೆಲಸಕ್ಕೆ ಬರುವವರಿಗೂ ಅದನ್ನು ಓದಿ ಹೇಳಿ. ಸುಟ್ಟುಕೊಳ್ಳುವುದು ಹೆಚ್ಚಾಗಿ ಅವರೇ.